ಸಂಬಂಧ ಮುರಿದರೂ ಹೊಣೆ ಮುರಿಯದು



ಕಲ್ಯಾಣದುರ್ಗದ ಕಡೆಯ ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿರಿ. ಮದುವೆಯಾಗಿ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಬಂದಳು. ಗಂಡನ ಜೊತೆಗೆ ಹಣ್ಣು ಕೊಯ್ದಳು, ಲೈನಿನ ಮನೆಯಲ್ಲಿ ಮಗುವನ್ನು ಸಾಕಿದಳು. ಕೆಲವು ವರ್ಷಗಳ ಮೇಲೆ ಸಂಸಾರ ಮುರಿದು ಕೋರ್ಟಿನಲ್ಲಿ ವಿಚ್ಛೇದನವಾಯಿತು. ಲೈನಿನ ಮನೆ ಗಂಡನ ಹೆಸರಿನದು. ಆಕೆ ಮಗುವನ್ನೆತ್ತಿಕೊಂಡು ತವರಿಗೆ ಹಿಂದಿರುಗಿದಳು.

ಆಗ ಊರವರು ಹೇಳುವ ಮಾತು ಎರಡು. "ಬಿಡುಗಡೆಯಾದ ಮೇಲೆ ಅವನಿಗೂ ನಿನಗೂ ಏನು?" "ಅವನು ಕರ್ನಾಟಕದಲ್ಲಿ, ನೀನು ಆಂಧ್ರದಲ್ಲಿ. ಯಾವ ಕೋರ್ಟು ನಿನ್ನ ಮಾತು ಕೇಳೀತು?" ಈ ಎರಡು ಮಾತುಗಳೂ ತಪ್ಪು.

ಮೊದಲನೆಯದನ್ನು ನೋಡೋಣ. ಕನ್ನಡದಲ್ಲಿ ಜೀವನಾಂಶ, ತೆಲುಗಿನಲ್ಲಿ ಮನೋವರ್ತಿ ಎಂದು ಕರೆಯುವ ಈ ಹಕ್ಕು 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ವಿಚ್ಛೇದನವಾಗಿ ಮರುಮದುವೆಯಾಗದ, ತನ್ನ ಜೀವನ ತಾನೇ ನಡೆಸಲಾರದ ಸ್ತ್ರೀಯೂ ಅದರಲ್ಲಿ ಹೆಂಡತಿಯೇ. ಮಗುವಿನ ಹಕ್ಕು ಬೇರೆಯೇ ಇದೆ. ತಾಯಿ ಮರುಮದುವೆಯಾದರೂ ಅದು ಉಳಿಯುತ್ತದೆ.

ಎರಡನೆಯದು ಗಡಿಯ ಮಾತು. ಅರ್ಜಿಯನ್ನು ಹೆಂಡತಿ ವಾಸಿಸುವ ಜಿಲ್ಲೆಯಲ್ಲಿಯೇ ಹಾಕಬಹುದು. ಕಲ್ಯಾಣದುರ್ಗದವಳಾದರೆ ಅನಂತಪುರ ಜಿಲ್ಲೆ. ಹಿಂದೂಪುರದವಳಾದರೆ, 2022ರಿಂದ, ಶ್ರೀ ಸತ್ಯಸಾಯಿ ಜಿಲ್ಲೆ. ಆದೇಶದ ಪ್ರತಿಯನ್ನು ಆಕೆಗೆ ಪುಕ್ಕಟೆಯಾಗಿ ಕೊಡಬೇಕು. ಗಂಡ ಯಾವ ತೋಟದಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರು ಆ ಆದೇಶವನ್ನು ಜಾರಿ ಮಾಡಬಹುದು.

ಆದರೆ ಆದೇಶದ ಕಾಗದ ಪೆಟ್ಟಿಗೆಯಲ್ಲಿದ್ದರೆ ಮಗುವಿನ ಹೊಟ್ಟೆ ತುಂಬದು. ಹಣ ನಿಂತರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. "ಈ ಹಬ್ಬಕ್ಕೆ ಕೊಡುತ್ತಾನೆ, ಮುಂದಿನ ಬೋನಸ್ಸಿಗೆ ಕೊಡುತ್ತಾನೆ" ಎಂದು ಕಾದು ಕುಳಿತರೆ ಹಳೆಯ ಬಾಕಿ ಕೈತಪ್ಪುತ್ತದೆ. ವಾರಂಟು ಹೊರಡಿಸಿದರೂ ಕೊಡದವನಿಗೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಯಾಗಬಹುದು. ಸೆರೆಗೆ ಹೋಗಿ ಬಂದರೆ ಸಾಲ ತೀರಿತೇ? ಇಲ್ಲ. ಹಣ ಕೊಟ್ಟರೆ ಮಾತ್ರ ತೀರುತ್ತದೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಅಮೆರಿಕದಲ್ಲಿ ನೆಲೆಸಿದವನು ಹೆಂಡತಿಯನ್ನು ಅಲ್ಲಿಗೆ ಖಾಯಂ ಆಗಿ ಕರೆಸಿಕೊಳ್ಳುವಾಗ, ಆಕೆಯನ್ನು ಪೋಷಿಸುತ್ತೇನೆಂದು ಸರ್ಕಾರಕ್ಕೆ ಸಹಿ ಹಾಕಿಕೊಡಬೇಕು. 1996ರ ಕಾನೂನಿನ ಪ್ರಕಾರ ಆ ಸಹಿಯ ಹೊಣೆ ವಿಚ್ಛೇದನದಿಂದ ತೀರುವುದಿಲ್ಲ. ಆಕೆ ಅಲ್ಲಿನ ಪೌರಳಾಗುವುದು, ಸುಮಾರು 10 ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವುದು, ಆ ದೇಶವನ್ನು ಖಾಯಂ ಬಿಟ್ಟುಹೋಗುವುದು ಅಥವಾ ಇಬ್ಬರಲ್ಲೊಬ್ಬರ ಮರಣ, ಇವುಗಳಿಂದಲೇ ಮುಖ್ಯವಾಗಿ ತೀರುತ್ತದೆ. ಕೊಡದಿದ್ದರೆ ಆಕೆಯೇ ಕೋರ್ಟಿಗೆ ಹೋಗಬಹುದು. ಊರು ಬಿಡಿಸಿ ಕರೆತಂದವನಿಗೆ ಹೊಣೆಯುಂಟೆಂಬ ನ್ಯಾಯ ಅಲ್ಲಿಯೂ ಇಲ್ಲಿಯೂ ಒಂದೇ.

"ಕೂಲಿಯವನು ಎಲ್ಲಿಂದ ತಂದಾನು?" ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಗಂಡನ ಸಂಪಾದನೆ ನೋಡಿಯೇ ಕೋರ್ಟು ಮೊತ್ತ ಗೊತ್ತುಮಾಡುತ್ತದೆ. ಕೆಲಸ ಹೋದರೆ ಮೊತ್ತ ಕಡಿಮೆ ಮಾಡಿರೆಂದು ಕೇಳಲು ದಾರಿಯುಂಟು. ಆದರೆ ಮೈಯಲ್ಲಿ ಶಕ್ತಿಯಿರುವವನು ದುಡಿದಾದರೂ ಹೆಂಡತಿ ಮಕ್ಕಳನ್ನು ಪೋಷಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿತು. ಬೇರೆ ತೋಟಕ್ಕೆ ಓಡಿಹೋಗುವುದು ಗಂಡಸುತನವಲ್ಲ. ಆ ಹೆಂಗಸಿನ ದುಡಿಮೆಯೂ ಅವನ ಸಂಸಾರಕ್ಕೇ ಸಂದಿತ್ತಲ್ಲವೇ?

ಆದುದರಿಂದ ನಾವು ಮಾಡತಕ್ಕದ್ದೇನು? ಪಂಚಾಯ್ತಿಯಲ್ಲಿ ಚೂರುಪಾರು ಹಣ ಕೊಟ್ಟು "ಇನ್ನೇನೂ ಕೇಳುವುದಿಲ್ಲ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಕೆಲಸಕ್ಕೆ ಸಾಕ್ಷಿ ನಿಲ್ಲಬಾರದು. ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನಿನಂತೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನು ಮಾಡಿ ಕೇಳಬಹುದು. ಮದುವೆಯ ಕಾಗದ, ವಿಚ್ಛೇದನದ ತೀರ್ಪು, ಗಂಡ ದುಡಿಯುವ ತೋಟದ ಹೆಸರು ಇವನ್ನು ಜೋಪಾನವಾಗಿಡಲು ಆಕೆಗೆ ನೆರವಾಗಿರಿ. ಅವನು ತೋಟ ಬದಲಿಸಿದ್ದು ಗೊತ್ತಾದರೆ ಆಕೆಗೆ ತಿಳಿಸಿರಿ.

ಮದುವೆಯ ದಿನ ನಾವೆಲ್ಲರೂ ಹೋಗಿ ಉಂಡು ಬಂದೆವು. ಆಕೆ ಕೋರ್ಟಿನ ಮೆಟ್ಟಿಲು ಹತ್ತುವ ದಿನ ನಮ್ಮಲ್ಲಿ ಒಬ್ಬರಾದರೂ ಜೊತೆಗೆ ಹೋಗೋಣ.