ಗ್ಯಾರೇಜ್ ಮಾತು 14: ಲಿಮಿಟರ್ ಏರಿಸೋ ಮುಂಚೆ ಸ್ಪ್ರಿಂಗ್ ನೋಡಿ
ಆರ್‌ಎಕ್ಸ್ 100 ಕಾಲದ ಬುದ್ಧಿ ಫೋರ್ ಸ್ಟ್ರೋಕ್‌ಗೆ ನಡೆಯಲ್ಲ ಗುರು. ಅದರಲ್ಲಿ ಕ್ಯಾಮೂ ಇರಲಿಲ್ಲ, ವಾಲ್ವ್ ಸ್ಪ್ರಿಂಗೂ ಇರಲಿಲ್ಲ.

10,000 ಆರ್‌ಪಿಎಂ ಲಿಮಿಟನ್ನ ಲ್ಯಾಪ್‌ಟಾಪಲ್ಲಿ 12,000 ಮಾಡಿಕೊಡೋರು ಹೇಳದ ಲೆಕ್ಕ ಇದು: ವೇಗ 20% ಏರಿದರೆ ವಾಲ್ವ್ ಹಿಡಿತದಲ್ಲಿಡಲು ಬೇಕಾದ ಬಲ 44% ಏರುತ್ತೆ. ಸ್ಪ್ರಿಂಗ್ ಮಾತ್ರ ಅದೇ ಹಳೇದು! ಅದು ಸೋತರೆ ವಾಲ್ವ್ ಸಮಯಕ್ಕೆ ಮುಚ್ಚಲ್ಲ, ಪಿಸ್ಟನ್ ಬಂದು ಬಡಿಯಬಹುದು. ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಲಾಕ್ ಆದರೆ ರಸ್ತೆಗೆ ಬೀಳೋದು ನೀವು, ಟ್ಯೂನರ್ ಅಲ್ಲ.

ಹಾಗಂತ ಸಿಕ್ಕ ಗಟ್ಟಿ ಸ್ಪ್ರಿಂಗ್ ತುರುಕಬೇಡಿ. ಕ್ಯಾಮ್, ರಾಕರ್ ಬೇಗ ಸವೆಯುತ್ತೆ. ಕ್ಯಾಮ್‌ಗೆ ಹೊಂದುವ ಸ್ಪ್ರಿಂಗ್, ಹಗುರ ರಿಟೇನರ್, ಹೊಸ ಲಾಕ್ ಸೆಟ್ಟಾಗಿ ಹಾಕಿಸಿ. ಪೂರ್ತಿ ಲಿಫ್ಟ್‌ನಲ್ಲಿ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ತಾಗ್ತಾವಾ, ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಎಷ್ಟು ಜಾಗ ಉಳಿಯುತ್ತೆ ಅಂತ ಅಳೆಸಿ. ಅಷ್ಟು ಬಜೆಟ್ ಇಲ್ವಾ? ಲಿಮಿಟರ್ ಮುಟ್ಟಬೇಡಿ.

ರೆವ್ ಹುಚ್ಚಿನ ದೋಸ್ತ್‌ಗೆ ಕಳಿಸಿ. ಮುಂದಿನದು: ಟ್ಯಾಪೆಟ್ ಗ್ಯಾಪ್.