ಕೆಲಸವಿದೆ, ಹುದ್ದೆಯಿಲ್ಲ

ಪುರಾತತ್ವ ಓದಿದವರಿಗೆ ಕೆಲಸವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸ ರಾಶಿ ಬಿದ್ದಿದೆ. ಇಲ್ಲದಿರುವುದು ಹುದ್ದೆ. ಈ ಎರಡರ ವ್ಯತ್ಯಾಸವನ್ನು ಮರೆಮಾಚಿ, ತಪ್ಪನ್ನೆಲ್ಲ ಆ ವಿಷಯ ಆಯ್ದುಕೊಂಡ ಹುಡುಗ ಹುಡುಗಿಯರ ತಲೆಗೆ ಕಟ್ಟುವ ನಮ್ಮ ರೂಢಿಯ ಬಗ್ಗೆ ನನ್ನ ತಕರಾರು.

ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಮಾಡಿದವಳು ನಾನು. ‘ಇದನ್ನು ಓದಿ ಮುಂದೇನಮ್ಮಾ?’ ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತ ದೊಡ್ಡಪ್ಪಂದಿರೂ ಕೇಳಿದ್ದಾರೆ, ಹಾಸ್ಟೆಲಿನ ಗೆಳತಿಯರೂ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಇಪ್ಪತ್ತೊಂದರ ಹುಡುಗಿ ಅದಕ್ಕೇನು ಉತ್ತರ ಕೊಟ್ಟಾಳು? ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ, ದೆಹಲಿಯಲ್ಲಿದ್ದಾರೆ, ವಿಶ್ವವಿದ್ಯಾಲಯಗಳ ಆಡಳಿತ ಭವನಗಳಲ್ಲಿದ್ದಾರೆ.

ಕೆಲಸ ಎಷ್ಟಿದೆ ನೋಡಿ. ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು, ಕುಪ್ಗಲ್ ಬೆಟ್ಟಗಳಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳಿವೆ, ಬಡಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳಿವೆ. ಅದೇ ಬೆಟ್ಟಗಳನ್ನು ಕಲ್ಲು ಗಣಿಗಾರಿಕೆ ಕೊರೆಯುತ್ತ ಬಂದಿದೆ. ಉತ್ತರ ಕರ್ನಾಟಕದ ಬೂದಿದಿಬ್ಬಗಳು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಸಗಣಿ ಸುಟ್ಟು ಬೆಳೆಸಿದ ಗುಡ್ಡೆಗಳು. ಅವುಗಳಲ್ಲಿ ಎಷ್ಟೋ ಗೊಬ್ಬರವಾಗಿ ಹೊಲ ಸೇರಿದವು. ಊರೂರಿನ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಚರಂಡಿಯ ಹಾಸಾಗಿವೆ. ನಿಧಿಗಳ್ಳರ ಕಥೆಯಂತೂ ಮುಗಿಯುವುದೇ ಇಲ್ಲ: 2019ರಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ಒಡೆದರು. ಇನ್ನು ಪಟ್ಟಿಯಲ್ಲಿರುವವುಗಳಾದರೂ ಕ್ಷೇಮವೇ? ಕೇಂದ್ರದ ರಕ್ಷಣೆಯಲ್ಲಿದ್ದ 92 ಸ್ಮಾರಕಗಳು ಜಾಗದಲ್ಲೇ ಇಲ್ಲ ಎಂದು 2013ರಲ್ಲಿ ಸಿಎಜಿ ವರದಿ ಹೇಳಿತು. ಸ್ಮಾರಕ ಕಳೆದುಹೋಗುವುದೆಂದರೆ ಜೇಬಿನ ಚಿಲ್ಲರೆ ಬಿದ್ದುಹೋದಂತಲ್ಲ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುವ ಒಬ್ಬ ಮನುಷ್ಯನೂ ಅಲ್ಲಿರಲಿಲ್ಲ ಎಂದರ್ಥ.

ಆ ಒಬ್ಬ ಮನುಷ್ಯನ ಬಗ್ಗೆಯೇ ನನ್ನ ವಾದ.

ನಮ್ಮ ಅಭಿಮಾನದ ಲೆಕ್ಕ ತೆಗೆಯೋಣ. ನವೆಂಬರ್ ಬಂದರೆ ಹಲ್ಮಿಡಿಯ ಹೆಸರು ಹೇಳದ ಭಾಷಣವಿಲ್ಲ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಭಾಷೆಯ ಪ್ರಾಚೀನತೆಗೆ ನಾವು ಮುಂದಿಟ್ಟ ಸಾಕ್ಷಿ ಶಾಸನಗಳೇ. ಆ ಶಾಸನ ನಮಗೆ ಸಿಕ್ಕಿದ್ದು ಹೇಗೆ? 1936ರಲ್ಲಿ ಅದನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. 1885ರಲ್ಲೇ ಹುಟ್ಟಿದ ಆ ಇಲಾಖೆಯಲ್ಲಿ ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ ದುಡಿದರು. ಊರೂರು ಸುತ್ತಿ, ಪಡಿಯಚ್ಚು ತೆಗೆದು, ಓದಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಕಟ್ಟಿದರು. ಅವರ ವಿದ್ವತ್ತಿಗೆ ಕೈಮುಗಿಯುತ್ತೇವೆ, ಸರಿ. ಅವರ ಹಿಂದೆ ತಿಂಗಳ ಸಂಬಳವಿತ್ತು, ಪ್ರಯಾಣ ಭತ್ಯೆಯಿತ್ತು, ಜೊತೆಗೆ ಸಹಾಯಕರಿದ್ದರು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ಇಂದು ನಾವು ಮೆರೆಯುತ್ತಿರುವ ಹೆಮ್ಮೆ ಅಂದಿನ ಸರ್ಕಾರವೊಂದು ಕೊಟ್ಟ ಸಂಬಳದ ಫಲ.

ಇಂದಿನ ದಾರಿಗಳು ಯಾವುವು? ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ಅಧಿಕಾರಿಯಾಗಿ ಸೇರಲು ಯುಪಿಎಸ್‌ಸಿ ಕರೆಯಬೇಕು. ಆ ಹುದ್ದೆಗಳು ದೇಶಕ್ಕೆಲ್ಲ ಸೇರಿ ಬೆರಳೆಣಿಕೆಯಲ್ಲಿ, ಅದೂ ಯಾವಾಗಲೋ ಒಮ್ಮೆ. ರಾಜ್ಯ ಇಲಾಖೆ, ವಸ್ತುಸಂಗ್ರಹಾಲಯಗಳ ಬಾಗಿಲು ಇನ್ನೂ ಕಿರಿದು. ಬೋಧನೆಗೆ ಹೋಗೋಣವೆಂದರೆ ಯುಜಿಸಿ ನೆಟ್‌ನಲ್ಲಿ ಪುರಾತತ್ವ ಬೇರೆ ವಿಷಯ, ಇತಿಹಾಸ ಬೇರೆ ವಿಷಯ. ಪದವಿ ಕಾಲೇಜುಗಳಲ್ಲಿ ಇರುವುದು ಇತಿಹಾಸ ವಿಭಾಗ. ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಹೋದಾಗ ನನ್ನ ಅಂಕಪಟ್ಟಿ ತಿರುವಿ ಹಾಕಿದವರೊಬ್ಬರು, ‘ಇದು ಇತಿಹಾಸದ ಲೆಕ್ಕಕ್ಕೆ ಬರುತ್ತಾ?’ ಎಂದು ಪಕ್ಕದವರನ್ನು ಕೇಳಿದ್ದರು. ಉಳಿದದ್ದು ಗುತ್ತಿಗೆ. ಗ್ರಾಮವಾರು ಸಮೀಕ್ಷೆಯೊಂದರಲ್ಲಿ ಬಸ್ಸು ಹತ್ತಿಳಿದು ದೇವಾಲಯ, ಶಾಸನ, ಮಾಸ್ತಿಗಲ್ಲುಗಳ ಪಟ್ಟಿ ಮಾಡಿದೆ. ವರದಿ ಸಮಯಕ್ಕೆ ಸರಿಯಾಗಿ ಹೋಯಿತು, ಹಣ ಮಾತ್ರ ಏಳು ತಿಂಗಳ ಮೇಲೆ ಬಂತು.

‘ಇದೆಲ್ಲ ಆಸಕ್ತಿಯಿಂದ ಮಾಡುವ ಕೆಲಸ, ದುಡ್ಡಿನ ಲೆಕ್ಕ ಹಾಕಬಾರದು’ ಎನ್ನುವ ಹಿರಿಯರಿದ್ದಾರೆ. ನನಗೆ ಅತ್ಯಂತ ಸಿಟ್ಟು ಬರಿಸುವ ಮಾತು ಇದು. ಆಸಕ್ತಿಯ ಮೇಲೆ ಬದುಕಬಲ್ಲವರು ಯಾರು? ಮನೆಯಲ್ಲಿ ತೋಟವೋ ಬಾಡಿಗೆಯೋ ಇದ್ದವರು. ಉತ್ಖನನದ ಗುಂಡಿಯಲ್ಲಿ ದಿನಗೂಲಿಗೆ ಮಣ್ಣು ಹೊರುವ ಹೆಂಗಸಿನ ಮಗಳು ಅದೇ ಗುಂಡಿಯ ಅಂಚಿನಲ್ಲಿ ನಿಂತು ಸ್ತರಗಳ ನಕ್ಷೆ ಬರೆಯುವಂತಾಗಬೇಕಾದರೆ ಅವಳಿಗೆ ಬೇಕಾದದ್ದು ಉಪದೇಶವಲ್ಲ, ನೇಮಕಾತಿ ಪತ್ರ. ಗತಕಾಲವನ್ನು ಓದುವ ಹಕ್ಕು ಉಳ್ಳವರಿಗಷ್ಟೇ ಉಳಿದರೆ, ಯಾರ ಗತಕಾಲ ಓದಲ್ಪಡುತ್ತದೆ ಎಂದು ಬಿಡಿಸಿ ಹೇಳಬೇಕೇ? ಅರಮನೆ, ಗೋಪುರಗಳ ಬಗ್ಗೆ ಪುಸ್ತಕ ಬರುತ್ತವೆ. ಕುಂಬಾರನ ಮಡಕೆ ಚೂರು ಚೀಲದಲ್ಲೇ ಉಳಿಯುತ್ತದೆ.

ಇನ್ನು ಕೆಲವರು ಸ್ವಯಂಸೇವಕರತ್ತ ಬೆರಳು ತೋರಿಸುತ್ತಾರೆ. ಬೆಂಗಳೂರಿನ ಆಸಕ್ತ ನಾಗರಿಕರ ಕೆಲಸ ನಿಜಕ್ಕೂ ದೊಡ್ಡದು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು 750ನೇ ಇಸವಿಯ ಕಿತ್ತಯ್ಯನ ವೀರಗಲ್ಲನ್ನು ಉಳಿಸಿಕೊಂಡವರು ಅವರು. ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಕೂಡ ನಡೆದಿದೆ. ಆದರೆ ನೆರೆಮನೆಯವರು ಬಕೆಟ್ ಹಿಡಿದು ಬೆಂಕಿ ಆರಿಸಿದರೆಂದು ಅಗ್ನಿಶಾಮಕ ಠಾಣೆ ಮುಚ್ಚುತ್ತೇವೆಯೇ?

ಹಣವೆಲ್ಲಿ ಎಂಬುದು ಕೊನೆಯ ಆಕ್ಷೇಪ. ಇಂಗ್ಲೆಂಡಿನಲ್ಲಿ 1990ರಿಂದ ಯೋಜನಾ ನೀತಿಯೇ ಬದಲಾಯಿತು: ಕಟ್ಟಡ ಕಟ್ಟುವವರೇ, ನೆಲದಡಿ ಏನಿದೆ ಎಂದು ಮೊದಲು ನೋಡಿಸುವ ಖರ್ಚು ಹೊರಬೇಕು. ಅಲ್ಲಿಯ ಪುರಾತತ್ವಜ್ಞರಲ್ಲಿ ಬಹುಪಾಲು ಜನರಿಗೆ ಅನ್ನ ಹುಟ್ಟಿದ್ದು ಅಲ್ಲಿಂದ. ಅದು ಶ್ರೀಮಂತರ ದೇಶ ಎನ್ನಬೇಡಿ. ಆಗಷ್ಟೇ ಸ್ವತಂತ್ರವಾಗಿದ್ದ ನಮ್ಮ ದೇಶವೂ ಅಣೆಕಟ್ಟಿನ ನೀರು ನುಗ್ಗುವ ಮೊದಲು, 1954ರಿಂದ 1960ರವರೆಗೆ, ನಾಗಾರ್ಜುನಕೊಂಡವನ್ನು ಅಗೆಸಿತ್ತು. ಅಂದಿನ ಬಡತನಕ್ಕೆ ಸಾಧ್ಯವಾದದ್ದು ಇಂದಿನ ಎಕ್ಸ್‌ಪ್ರೆಸ್‌ವೇಗಳ ಕಾಲಕ್ಕೆ ಯಾಕೆ ಅಸಾಧ್ಯ? ನಮ್ಮ ಕಾನೂನು ಕಾಯುವುದು ಪಟ್ಟಿಯಲ್ಲಿರುವ ಸ್ಮಾರಕದ ಸುತ್ತಲಿನ ಜಾಗವನ್ನು: ನೂರು ಮೀಟರ್ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣ. ಪಟ್ಟಿಗೆ ಸೇರದ ಬೂದಿದಿಬ್ಬದ ಮೇಲೆ ಜೆಸಿಬಿ ಹರಿದರೆ ಕೇಳುವವರಿಲ್ಲ.

ಹಾಗೆಂದು ವಿಶ್ವವಿದ್ಯಾಲಯಗಳನ್ನು ಬಿಡುವಂತಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಕರಣೆ ಹಿಡಿಯದೆ, ನೋಟ್ಸ್ ಉರುಹೊಡೆದು ಪದವಿ ಪಡೆಯಬಹುದಾದರೆ ಅದು ಪುರಾತತ್ವವಲ್ಲ. ಹಳಗನ್ನಡ ಲಿಪಿ, ಸರ್ವೆ, ನಕ್ಷೆ, ಜಿಐಎಸ್, ಮೂಳೆ ಮತ್ತು ಬೀಜಗಳ ಗುರುತು ಇವು ಕಡ್ಡಾಯವಾಗಬೇಕು. ಕಲಿಸಲಾಗದಿದ್ದರೆ ಶುಲ್ಕ ಪಡೆಯುವ ನೈತಿಕತೆ ಇಲ್ಲ.

ನನ್ನ ಬೇಡಿಕೆ ಸರಳ. ಪಶುವೈದ್ಯರು, ಕೃಷಿ ಅಧಿಕಾರಿಗಳು ಇರುವಂತೆ ತಾಲ್ಲೂಕಿಗೊಬ್ಬ ಪುರಾತತ್ವ ಅಧಿಕಾರಿ ಇರಲಿ. ದೊಡ್ಡ ರಸ್ತೆ, ಗಣಿ, ಬಡಾವಣೆಗೆ ಅನುಮತಿ ಕೊಡುವ ಮೊದಲು ಅವರ ಸಮೀಕ್ಷಾ ವರದಿ ಬೇಕೇ ಬೇಕು ಎಂದಾಗಲಿ. ಖರ್ಚನ್ನು ಯೋಜನೆಯವರೇ ಕೊಡಲಿ. ಇತಿಹಾಸ ಬೋಧನೆಯ ಹುದ್ದೆಗಳಿಗೆ ಪುರಾತತ್ವ ಓದಿದವರ ಅರ್ಜಿಯನ್ನೂ ಸ್ವೀಕರಿಸಲಿ.

ಈ ವಿಷಯ ಓದಬೇಕೆಂದಿರುವ ವಿದ್ಯಾರ್ಥಿಗಳೇ, ‘ಧೈರ್ಯವಾಗಿ ಬನ್ನಿ, ಎಲ್ಲ ಸರಿಹೋಗುತ್ತದೆ’ ಎಂದು ನಾನು ಹೇಳಲಾರೆ. ಸೇರುವ ಮುನ್ನ ವಿಭಾಗದವರನ್ನು ಮೂರು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯ? ಶಾಸನ ಓದಲು ಕಲಿಸುವವರು ಯಾರು? ಕಳೆದ ಐದು ವರ್ಷಗಳಲ್ಲಿ ಪಾಸಾದವರು ಈಗ ಎಲ್ಲಿದ್ದಾರೆ? ನಿಮ್ಮ ಊರಿನ ಶಾಸಕರು ಮತ ಕೇಳಲು ಬಂದಾಗ ನಾಲ್ಕನೆಯದನ್ನೂ ಕೇಳಿ: ನಮ್ಮ ತಾಲ್ಲೂಕಿನ ವೀರಗಲ್ಲುಗಳ ಲೆಕ್ಕ ಯಾರ ಬಳಿ ಇದೆ?