ಮೈಗೆ ಹೊಂದುವ ಸೈಕಲ್

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಿ ಹೊಲಿಯಲು ಹಾಕುವ ಗೃಹಸ್ಥರು ಕೊರಳು, ಭುಜ, ತೋಳುಗಳ ಅಳತೆ ಕೊಡದೆ ಬಟ್ಟೆಗೆ ಕತ್ತರಿ ತಾಗಿಸಗೊಡುವುದಿಲ್ಲ. ಅದೇ ಮಹನೀಯರು ಸೈಕಲ್ ಅಂಗಡಿಯ ಮೆಟ್ಟಿಲೇರುವಾಗ ಈ ಎಚ್ಚರಿಕೆಯನ್ನು ಹೊರಗೇ ಬಿಟ್ಟು ಹೋಗುತ್ತಾರೆ. ಬಣ್ಣವೇನು, ಗೇರುಗಳೆಷ್ಟು, ರಿಯಾಯಿತಿ ಎಷ್ಟು ಎಂಬ ಮೂರು ಪ್ರಶ್ನೆಗಳಲ್ಲಿ ವ್ಯಾಪಾರ ಮುಗಿಯುತ್ತದೆ. ಅಂಗಿ ಸಡಿಲವಾದರೆ ನಗುವವರು ನೆರೆಯವರು ಮಾತ್ರ. ಸೈಕಲ್ಲಿನ ಫ್ರೇಮ್ ಹೊಂದದಿದ್ದರೆ ಅಳುವುದು ಸವಾರನ ಬೆನ್ನು. ಅರ್ಧ ಲಕ್ಷ ರೂಪಾಯಿ ಕೊಟ್ಟು ತಂದ ವಾಹನ ಮೂರು ತಿಂಗಳೊಳಗೆ ಇಂದಿರಾನಗರದ ಮನೆಯ ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹೊರುವ ಉದ್ಯೋಗಕ್ಕೆ ಸೇರಿರುತ್ತದೆ.

ಈ ಅಲಕ್ಷ್ಯಕ್ಕೆ ಪೂರ್ವಚರಿತ್ರೆಯೊಂದುಂಟು. 1940ರಲ್ಲಿ ವಿಮಾನ ಕಾರ್ಖಾನೆಯೂ 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ಸ್ಥಾಪನೆಯಾದ ಮೇಲೆ ನಗರದ ಪೂರ್ವದ ರಸ್ತೆಗಳಲ್ಲಿ ಕಾರ್ಮಿಕರು ತುಳಿದ ಕರಿಯ ಸೈಕಲ್ಲುಗಳಿಗೆ ಹೆಚ್ಚಾಗಿ ಇದ್ದ ಅಳತೆಗಳು ಎರಡೇ: 22 ಅಂಗುಲ ಮತ್ತು 24 ಅಂಗುಲ. ಗಿಡ್ಡನೂ ನೀಳಕಾಯನೂ ಅವುಗಳಲ್ಲಿಯೇ ಸಂಸಾರ ಸಾಗಿಸಬೇಕಾಗಿತ್ತು. ಹುಡುಗರಂತೂ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದೇ ಸವಾರಿ ಕಲಿತರು. ಆದರೆ ಆ ಸೈಕಲ್ ಉದಾರಿ. ಅದರ ಹ್ಯಾಂಡಲ್ ಸವಾರನ ಕಡೆಗೇ ಬಾಗಿ ಬರುತ್ತದೆ, ಬೆನ್ನು ನೆಟ್ಟಗಿರುತ್ತದೆ, ಅಗಲವಾದ ಸ್ಪ್ರಿಂಗ್ ಸೀಟು ಭಾರವನ್ನೆಲ್ಲ ಹೊರುತ್ತದೆ.

ರೋಡ್ ಬೈಕಿನ ಸ್ವಭಾವವೇ ಬೇರೆ. ಅದರ ಹ್ಯಾಂಡಲ್ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿರುವುದರಿಂದ ಸವಾರನ ಭಾರದಲ್ಲಿ ಒಂದು ಪಾಲು ಕೈಗಳ ಮೇಲೆ ಬೀಳುತ್ತದೆ. ಫ್ರೇಮ್ ಎರಡು ಮೂರು ಸೆಂಟಿಮೀಟರ್ ಉದ್ದವಾದರೂ ಸಾಕು, ಹಲಸೂರಿನಿಂದ ಹೊಸಕೋಟೆಯವರೆಗೆ ಹಳೆಯ ಮದರಾಸು ರಸ್ತೆಯ ಒಂದೊಂದು ಗುಂಡಿಯೂ ಅಂಗೈಗೆ, ಕುತ್ತಿಗೆಗೆ ತನ್ನ ಲೆಕ್ಕ ಒಪ್ಪಿಸುತ್ತದೆ.

ಅಳತೆಯನ್ನು ಮನೆಯಲ್ಲಿಯೇ ತೆಗೆಯಬಹುದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ದಪ್ಪನೆಯ ನಿಘಂಟೊಂದನ್ನು ಬೆನ್ನು ಮೇಲಾಗುವಂತೆ ತೊಡೆಗಳ ನಡುವೆ ಹಿಡಿದು, ಸೀಟಿನ ಮೇಲೆ ಕುಳಿತಷ್ಟು ಬಿಗಿಯಾಗಿ ಮೇಲಕ್ಕೊತ್ತಬೇಕು. ನಿಘಂಟು ತಲಪಿದ ಎತ್ತರವನ್ನು ಮನೆಯವರು ಯಾರಾದರೂ ಗೋಡೆಯ ಮೇಲೆ ಗುರುತು ಹಾಕಲಿ. ನೆಲದಿಂದ ಆ ಗುರುತಿನವರೆಗಿನದು ಕಾಲಿನ ಒಳ ಅಳತೆ. ಅದನ್ನು 0.67ರಿಂದ ಗುಣಿಸಿದರೆ ನೇರ ಬಾರಿನ ಫ್ರೇಮಿನ ಎತ್ತರ ಸುಮಾರಾಗಿ ದೊರೆಯುತ್ತದೆ. ಕಾಲು 80 ಸೆಂಟಿಮೀಟರ್ ಇದ್ದವರಿಗೆ ಫ್ರೇಮ್ 53 ಅಥವಾ 54. ಇದೇ ಲೆಕ್ಕದಂತೆ ಹಳೆಯ 24 ಅಂಗುಲದ ಸೈಕಲ್ಲಿಗೆ 91 ಸೆಂಟಿಮೀಟರ್ ಕಾಲು ಬೇಕು. ಅಂಥ ಕಾಲಿನವರು ಎಷ್ಟು ಮನೆಗಳಲ್ಲಿದ್ದಾರು?

ಲೆಕ್ಕ ಇಲ್ಲಿಗೇ ಮುಗಿಯುವಂತಿದ್ದರೆ ಚೆನ್ನಾಗಿತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಮೈಕ್ ಬರೋಸ್ ಅವರು ಜೈಂಟ್ ಕಂಪನಿಗಾಗಿ ರೂಪಿಸಿದ ಇಳಿಜಾರು ಬಾರಿನ ಫ್ರೇಮ್ ಬಳಕೆಗೆ ಬಂದ ಮೇಲೆ ಸೀಟಿನ ಕೊಳವೆಯ ಎತ್ತರಕ್ಕೂ ಫ್ರೇಮಿನ ಮೇಲಿನ ಅಂಕಿಗೂ ನೇರ ಸಂಬಂಧ ಉಳಿಯಲಿಲ್ಲ. ಒಬ್ಬರ 54 ಇನ್ನೊಬ್ಬರ 54ಕ್ಕೆ ಸಮವಲ್ಲ. ಆದ್ದರಿಂದ ವಿಚಾರಿಸಬೇಕಾದುದು ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಳತೆಗಳನ್ನು. ಪೆಡಲುಗಳ ಅಚ್ಚಿನ ನಡುವಿನಿಂದ ಹ್ಯಾಂಡಲ್ ಹೊರುವ ಕೊಳವೆಯ ತುದಿ ಎಷ್ಟು ಎತ್ತರದಲ್ಲಿದೆಯೆಂಬುದು ಸ್ಟ್ಯಾಕ್. ಎಷ್ಟು ಮುಂದಿದೆಯೆಂಬುದು ರೀಚ್. ಬೆನ್ನು ಸುಲಭವಾಗಿ ಬಾಗದವರಿಗೆ ಸ್ಟ್ಯಾಕ್ ಹೆಚ್ಚಿರುವ ಫ್ರೇಮ್ ಹಿತ. ಕಾಲು ಉದ್ದವಾಗಿ ಮುಂಡ, ತೋಳುಗಳು ಗಿಡ್ಡವಾದವರಿಗೆ ರೀಚ್ ಕಡಿಮೆಯಿರಬೇಕು. ಇಂಥವರೇ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಮೋಸಹೋಗುತ್ತಾರೆ; ಬಾರಿನ ಮೇಲೆ ಕಾಲಿಟ್ಟು ನಿಂತಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನು ಆರಿಸುವುದು ಸಾಮಾನ್ಯವಾಗಿ ಕ್ಷೇಮ. ಸೀಟನ್ನು ಏರಿಸಬಹುದು, ಹ್ಯಾಂಡಲ್ಲಿನ ಸ್ಟೆಮ್ ಬದಲಿಸಬಹುದು. ದೊಡ್ಡ ಫ್ರೇಮನ್ನು ಗರಗಸದಿಂದ ಕೊಯ್ಯಲಾಗದು. ಆದರೆ ತೀರ ಚಿಕ್ಕದಾದರೆ ಸೀಟು ಮೇಲೇರಿದಷ್ಟೂ ಹ್ಯಾಂಡಲ್ ಪಾತಾಳಕ್ಕಿಳಿದಂತಾಗಿ ಕುತ್ತಿಗೆ ನೋಯುತ್ತದೆ. ಬೆಳೆಯುವ ಮಗನಿಗೆ ಎರಡು ಅಳತೆ ದೊಡ್ಡದನ್ನು ಕೊಡಿಸುವ ತಂದೆಯರ ಜಾಣತನ ಚೆಡ್ಡಿಗೆ ಸರಿ, ಸೈಕಲ್ಲಿಗೆ ಸಲ್ಲದು; ಸಂಚಾರದ ನಡುವೆ ಥಟ್ಟನೆ ನಿಲ್ಲಬೇಕಾದಾಗ ನೆಲಕ್ಕೆ ಕಾಲು ಎಟುಕದ ಹುಡುಗನ ಪಾಡು ಟಿನ್ ಫ್ಯಾಕ್ಟರಿಯ ಬಳಿ ಏನಾಗಬಹುದೆಂದು ಅವರು ಯೋಚಿಸಲಿ.

ಫ್ರೇಮ್ ಹೊಂದಿದ ಮೇಲೆ ಸೀಟಿನ ಸರದಿ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಪ್ರಕಟಿಸಿದ ಲೆಕ್ಕದಂತೆ, ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಕಾಲಿನ ಒಳ ಅಳತೆಯ 109 ಶೇಕಡಾ ಇರಬೇಕು. 80 ಸೆಂಟಿಮೀಟರ್ ಕಾಲಿಗೆ 87. ಮೊಣಕಾಲಿನ ಮುಂಭಾಗ ನೊಂದರೆ ಸೀಟು ತಗ್ಗಿನಲ್ಲಿದೆಯೆಂದೂ, ಹಿಂಭಾಗ ನೊಂದರೆ ಎತ್ತರವಾಯಿತೆಂದೂ ಸಾಮಾನ್ಯವಾಗಿ ತಿಳಿಯಬಹುದು. ಉಂಗುರದ ಬೆರಳು, ಕಿರುಬೆರಳುಗಳು ಮರಗಟ್ಟಿದರೆ ಅಂಗೈಯ ಮೇಲೆ ಭಾರ ಮಿತಿಮೀರಿದೆ. ಕೈಗವಸು ಕೊಳ್ಳುವ ಮೊದಲು ಹ್ಯಾಂಡಲ್ಲಿನ ದೂರವನ್ನು ನೋಡಬೇಕು.

ಗಂಡಹೆಂಡಿರಿಬ್ಬರಿಗೂ ಒಂದೇ ಸೈಕಲ್ ಸಾಕೆಂಬ ಮಿತವ್ಯಯದ ಮಾತು ಕೆಲವು ಮನೆಗಳಲ್ಲಿ ಬರುವುದುಂಟು. ಸೀಟನ್ನು ದಿನಕ್ಕೆರಡು ಬಾರಿ ಏರಿಳಿಸಬಹುದಾದರೂ ರೀಚ್ ಏರಿಳಿಯುವುದಿಲ್ಲ. ಕೊನೆಗೆ ಅದು ಯಜಮಾನರ ಸೈಕಲ್ಲಾಗಿಯೇ ಉಳಿಯುತ್ತದೆ. ಗೃಹಿಣಿಗೆ ಸೈಕಲ್ ಒಗ್ಗಲಿಲ್ಲವೆಂಬ ಅಪವಾದ ಮಾತ್ರ ಬರುತ್ತದೆ.

ದೊಡ್ಡ ಫ್ರೇಮ್ ಈಗಾಗಲೇ ಮನೆಗೆ ಬಂದಿದ್ದರೆ, ಸ್ಟೆಮ್ ಅನ್ನು ಒಂದೆರಡು ಸೆಂಟಿಮೀಟರ್ ಗಿಡ್ಡ ಮಾಡಿಸಿ ನೋಡಬಹುದು. ಹ್ಯಾಂಡಲ್ ಎಟುಕಲೆಂದು ಸೀಟನ್ನೇ ಮುಂದೆ ತಳ್ಳಬಾರದು. ಕೈಯ ನೋವು ಮೊಣಕಾಲಿಗೆ ವರ್ಗವಾದೀತು. ಅಂತರ ಅದಕ್ಕೂ ಹೆಚ್ಚಿದ್ದರೆ, ಬಣ್ಣ ಮಾಸುವ ಮುನ್ನ ಉದ್ದಗಾಲಿನ ನೆಂಟರೊಬ್ಬರನ್ನು ಹುಡುಕಿ ಮಾರಿಬಿಡುವುದೇ ಲಾಭ.